ನಾಲ್ಕನೇ ಮನೆಯ ಗೋಡೆ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಐದನೇ ಮನೆಯವಳೇ,

ನಾವೆಲ್ಲ ಆರೋಗ್ಯವಾಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದಿ ನೀನು ಗಾಬರಿಯಾಗಬಾರದು. ‘ಹೋದ ತಕ್ಷಣ ಉದ್ದಕ್ಕೆ ಬರೀತೀನಿ ಕಣೇ’ ಎಂದು ಲಾರಿ ಹತ್ತುವಾಗ ಹೇಳಿದವಳು ನಾಲ್ಕು ತಿಂಗಳು ಸುಮ್ಮನಿದ್ದೆ. ಫೋನಿನಲ್ಲಿ ಮಾತಾಡಿದ್ದೇವೆ, ನಿಜ. ಆದರೆ ಅದೇನು ಮಾತು? ನೀನು ‘ಇಲ್ಲೆಲ್ಲಾ ಚೆನ್ನಾಗಿದೆ ಅಕ್ಕಾ’ ಅನ್ನುವುದು, ನಾನು ‘ಇಲ್ಲೂ ಹಾಗೇ’ ಅನ್ನುವುದು, ಆಮೇಲೆ ಇಬ್ಬರೂ ಒಲೆಯ ಮೇಲೆ ಏನೋ ಇಟ್ಟಿರುವ ಹಾಗೆ ಅವಸರ ಮಾಡಿ ಫೋನಿಡುವುದು. ಇವತ್ತು ಮೂರನೇ ಮನೆಯ ತಮ್ಮ ತನ್ನ ವ್ಯಾನಿನಲ್ಲಿ ಈ ಊರಿಗೆ ಸರಕು ತಂದಿದ್ದಾನೆ. ನಮ್ಮಲ್ಲೇ ಊಟ ಮಾಡಿ ಗೋದಾಮಿಗೆ ಹೋದ. ಸಂಜೆ ವಾಪಸ್ ಹೊರಡುವ ಮುಂಚೆ ಈ ಪತ್ರ ಅವನ ಕೈಗೆ ಕೊಡಬೇಕು, ಹಾಗಾಗಿ ಇನ್ನು ನೆಪ ಹೇಳುವ ಹಾಗಿಲ್ಲ.

ಊರು ಚಿಕ್ಕದು. ಬೀದಿಯ ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯವರು ಔಷಧಿ ಹೇಳುತ್ತಾರೆ. ನಮ್ಮ ಯಜಮಾನರು ಕನ್ನಡಕದ ಅಂಗಡಿ ತೆರೆದಿದ್ದಾರೆ. ಬಾಡಿಗೆ ಅಲ್ಲಿಯದರ ಕಾಲುಭಾಗವೂ ಇಲ್ಲ, ಆದರೆ ಗಿರಾಕಿಗಳೂ ಅಷ್ಟಕ್ಕಷ್ಟೇ. ‘ಈ ಊರಲ್ಲಿ ಎಲ್ಲರ ಕಣ್ಣೂ ಚೆನ್ನಾಗಿದೆ, ಇದೇನು ಗ್ರಹಚಾರ’ ಎಂದು ಗೊಣಗುತ್ತಾ ದಿನಕ್ಕೆ ಮೂರು ಸಲ ಗಾಜು ಒರೆಸುತ್ತಾರೆ. ಮಗಳಿಗೆ ಶಾಲೆ ನಡೆದು ಹೋಗುವಷ್ಟು ಹತ್ತಿರ. ಬಸ್ಸಿನಲ್ಲಿ ನಿಂತು ನಿಂತು ಕಾಲು ನೋವು ಅನ್ನುತ್ತಿದ್ದವಳು ಈಗ ಮನೆಗೆ ಬಂದಮೇಲೂ ಕುಣಿಯುತ್ತಾಳೆ.

ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಯಾವಾಗ ತಿರುಗಿಸಿದರೂ. ಮೊದಲ ವಾರ ನಂಬಿಕೆಯೇ ಬರಲಿಲ್ಲ. ಬಕೆಟ್ಟು, ಕೊಡ, ಕುಕ್ಕರ್, ಕೊನೆಗೆ ಮಗಳ ಊಟದ ಡಬ್ಬಿಯಲ್ಲೂ ತುಂಬಿಸಿಟ್ಟೆ. ಪಕ್ಕದ ಮನೆಯಾಕೆ ಏನೋ ಕೇಳಲು ಬಂದವರು ಅಡುಗೆಮನೆ ನೋಡಿ, ‘ಯಾರಾದ್ರೂ ನೆಂಟರು ಬರ್ತಿದಾರಾ?’ ಅಂದರು. ಅವರಿಗೆ ನಮ್ಮ ಸಾಲುಮನೆಯ ಕಥೆ ಹೇಳಿದೆ. ನೀರು ಎರಡು ಮೂರು ದಿನಕ್ಕೊಮ್ಮೆ, ಹೊತ್ತುಗೊತ್ತಿಲ್ಲದೆ ಬರುತ್ತಿತ್ತು, ಮೊದಲನೇ ಮನೆಯ ನಲ್ಲಿ ಬುಸ್ ಅಂದ ಕೂಡಲೇ ಅವರು ಎರಡನೇ ಮನೆಯ ಗೋಡೆಗೆ ಸೌಟಿನಿಂದ ತಟ್ಟುತ್ತಿದ್ದರು, ಅವರು ಮೂರಕ್ಕೆ, ಮೂರನೆಯವರು ನನಗೆ, ನಾನು ನಿನಗೆ, ಹೀಗೆ ಏಳನೇ ಮನೆಯ ಅಜ್ಜಿಯ ತನಕ ಸುದ್ದಿ ಗೋಡೆಯಲ್ಲೇ ಹೋಗುತ್ತಿತ್ತು ಎಂದೆ. ‘ಫೋನಿಲ್ವಾ?’ ಅಂದರು. ಫೋನಿನಲ್ಲಿ ಒಂದು ಗುಂಪು ಮಾಡಿದ್ದೆವು, ಮೊದಲನೇ ಮನೆಯವರು ಬೆಳಗಾದರೆ ಅದರಲ್ಲಿ ಗುಲಾಬಿ ಹೂವಿನ ಚಿತ್ರ ಕಳಿಸಿ ಕಳಿಸಿ, ಎಲ್ಲರೂ ಅದರ ಸದ್ದನ್ನೇ ಅಡಗಿಸಿಬಿಟ್ಟರು ಎಂದೆ. ಆಕೆ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವರು ಹೋದಮೇಲೆ ಮಗಳ ಡಬ್ಬಿಯ ನೀರು ಚೆಲ್ಲಿ ಒರೆಸಿಟ್ಟೆ.

ನಮ್ಮ ಎಡಗಡೆಯ ಮನೆ ಖಾಲಿಯಿದೆ. ಎರಡು ಕೋಣೆ, ಗಾಳಿ ಬೆಳಕು ಚೆನ್ನಾಗಿದೆ. ನಿನ್ನ ವಿಷಯ ಹೇಳಿದ್ದಕ್ಕೆ ಅದರ ಮಾಲೀಕರು ಈ ತಿಂಗಳ ಕೊನೆಯ ತನಕ ಯಾರಿಗೂ ಕೊಡುವುದಿಲ್ಲ ಎಂದಿದ್ದಾರೆ. ಆಸ್ಪತ್ರೆಯೂ ಇದೆ, ನೀನು ಅಲ್ಲಿ ಕೆಲಸ ಮಾಡುವಂಥದ್ದೇ ಬಟ್ಟೆ ಒಗೆಯುವ ವಿಭಾಗವೂ ಅದಕ್ಕಿದೆ, ವಿಚಾರಿಸಿದ್ದೇನೆ. ಬಂದುಬಿಡು ಕಣೇ. ಆ ಊರು ಇನ್ನು ಸರಿಹೋಗುವುದಲ್ಲ. ಒಂದೇ ರಸ್ತೆಯನ್ನು ಒಂದೇ ವರ್ಷದಲ್ಲಿ ಮೂರು ಸಲ ಅಗೆಯುವವರಿಂದ ಏನು ನಿರೀಕ್ಷೆ ಮಾಡುತ್ತೀಯ? ನಾವಿಬ್ಬರೂ ನಗರಸಭೆಗೆ ದೂರು ಕೊಡಲು ಹೋದಾಗ ಆ ಗುಮಾಸ್ತ ತಲೆಯನ್ನೂ ಎತ್ತದೆ, ‘ನಾವು ನೀರು ಬಿಟ್ಟಿದೀವಮ್ಮ, ನಿಮಗೆ ಬಂದಿಲ್ಲ ಅಂದ್ರೆ ಅದು ನೀರಿನ ತಪ್ಪು’ ಅಂದನಲ್ಲ. ನಾವು ಮೆಟ್ಟಿಲಿಳಿಯುವ ತನಕ ತಡೆದುಕೊಂಡು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇಷ್ಟು ಬರೆದು ಎದ್ದುಹೋಗಿ ಪಾತ್ರೆ ತೊಳೆದು ಬಂದೆ. ತೊಳೆಯಲು ಹೆಚ್ಚೇನೂ ಇರಲಿಲ್ಲ. ತಮ್ಮ ಊಟ ಮಾಡುತ್ತಾ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ, ಅದಕ್ಕೆ ಎದ್ದೆ.

‘ನೀವು ಬಂದ್ಮೇಲೆ ನಾಲ್ಕನೇ ಮನೆಗೆ ಬೀಗ ಅಲ್ವಾ ಅಕ್ಕ, ಅಮ್ಮ ತಟ್ಟಿದ್ದು ಅಲ್ಲೇ ನಿಂತುಹೋಗುತ್ತೆ. ನಾನು ಮನೇಲಿದ್ರೆ ಓಡಿಹೋಗಿ ಐದನೇ ಮನೆ ಅಕ್ಕನ ಬಾಗಿಲು ಬಡೀತೀನಿ. ನಾನು ವಾರಕ್ಕೆ ಐದು ದಿನ ವ್ಯಾನಲ್ಲಿ. ಅಮ್ಮನಿಗೆ ಹೊಸ್ತಿಲು ದಾಟೋದೇ ಕಷ್ಟ’ ಎಂದ. ಮತ್ತೆ ಹೇಗೆ ಮಾಡುತ್ತಿದ್ದೀರಿ ಎಂದು ಕೇಳಿದೆ. ನೀನು ನಲ್ಲಿಯನ್ನು ತೆರೆದಿಟ್ಟು, ಕೆಳಗೆ ಸ್ಟೀಲ್ ತಟ್ಟೆ ಕವುಚಿಹಾಕಿ, ಅಡುಗೆಮನೆಯ ನೆಲದ ಮೇಲೆ ಮಲಗುತ್ತೀಯಂತೆ. ಮೊದಲ ಹನಿ ತಟ್ಟೆಗೆ ಬಿದ್ದರೆ ಎದ್ದು ಆರನೇ ಮನೆಗೆ ತಟ್ಟುತ್ತೀಯಂತೆ, ಆರರಿಂದ ಅಜ್ಜಿಗೆ ಹೋಗುತ್ತದಂತೆ. ‘ಅಕ್ಕ ಒಂದು ದಿನಾನೂ ತಪ್ಪಿಸಿಲ್ಲ’ ಎಂದು ಹೊಗಳಿದ. ಆಮೇಲೆ ಅನ್ನ ಕಲಸುತ್ತಾ, ‘ನಿದ್ದೆಗೆಟ್ಟು ಕೆಲಸಕ್ಕೆ ಹೋಗಿ, ಇಸ್ತ್ರಿ ಯಂತ್ರದ ಮುಂದೆ ತೂಕಡಿಸಿ ಕೈ ಸುಟ್ಕೊಂಡ್ರಲ್ಲ, ಪಾಪ’ ಎಂದ.

ನನಗೆ ನೀನು ಫೋನಿನಲ್ಲಿ ಎಣ್ಣೆ ಸಿಡಿದು ಮೊಣಕೈ ತನಕ ಸುಟ್ಟಿತು ಅಂದಿದ್ದೆ. ಎಣ್ಣೆ ಅಷ್ಟು ಮೇಲಕ್ಕೆ ಸಿಡಿಯುತ್ತದೆಯೇ ಎಂದು ನಾನೂ ಕೇಳಲಿಲ್ಲ. ಕೇಳಿದ್ದರೆ ನೀನು ನಿಜ ಹೇಳುತ್ತಿದ್ದೆ ಅನ್ನುವ ಭಯವಿತ್ತೋ ಏನೋ.

ಎರಡು ವರ್ಷದ ಹಿಂದೆ ನಿನ್ನ ಅಣ್ಣ ತಮ್ಮೂರಿನಲ್ಲಿ ಕೆಲಸ ಹುಡುಕಿ ಕರೆದಾಗ ನೀನು ಅರ್ಧ ಸಾಮಾನು ಕಟ್ಟಿಯೂ ಆಗಿತ್ತು. ನಿನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಭಾಷಣ ಮಾಡಿದವಳು ನಾನು. ‘ಎಲ್ಲರೂ ಹೀಗೆ ಗಂಟುಮೂಟೆ ಕಟ್ಟಿದ್ರೆ ಈ ಊರಲ್ಲಿ ಕೇಳೋರು ಯಾರು? ನೀನು ಹೋದ್ರೆ ಸಾಲು ಕಡಿಯುತ್ತೆ ಕಣೇ. ಅಜ್ಜಿಗೆ ಯಾರು ತಟ್ತಾರೆ?’ ಎಂದೆ. ನೀನು ಹಗ್ಗ ಬಿಚ್ಚಿ ಪಾತ್ರೆಗಳನ್ನು ಮತ್ತೆ ಜೋಡಿಸಿಟ್ಟೆ. ನನಗೆ ಅವತ್ತು ಎಷ್ಟು ಹೆಮ್ಮೆ! ಯಜಮಾನರ ಹತ್ತಿರ ಹೇಳಿಕೊಂಡು ಓಡಾಡಿದೆ.

ಆಮೇಲೆ ಅಂಗಡಿಯ ಬಾಡಿಗೆ ಒಂದೇ ಸಲಕ್ಕೆ ದುಪ್ಪಟ್ಟಾಯಿತು. ‘ಇಲ್ಲೇ ಉಳೀಬೇಕು ಅನ್ನೋ ಹಟ ನಿಂದು, ಬಾಡಿಗೆ ಕಟ್ಟೋನು ನಾನು’ ಎಂದರು ಇವರು. ನಾನು ಸಾಮಾನು ಕಟ್ಟಲು ಕೂತೆ. ನಾವು ಹೊರಟದ್ದು ತಪ್ಪು ಎಂದು ಈಗಲೂ ಹೇಳಲಾರೆ. ಮಗಳು ಕುಣಿಯುವುದನ್ನು ನೋಡಿದರೆ ಹೇಗೆ ಹೇಳಲಿ? ಆದರೆ ನಿನ್ನನ್ನು ಕಟ್ಟಿಹಾಕಿ ನಾನು ಬಿಚ್ಚಿಕೊಂಡು ಬಂದೆ. ನೀನು ಲಾರಿಯ ಹತ್ತಿರ ನಿಂತು, ‘ಹೋಗಿಬನ್ನಿ ಅಕ್ಕ, ನಾನಿದೀನಲ್ಲ’ ಎಂದೆ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಮೇಲೆ ಬರೆದ ಕರೆಯನ್ನು ಇನ್ನೊಂದು ಸಲ ಓದಿ ನೋಡಿದೆ. ಗಾಳಿ, ಬೆಳಕು, ಆಸ್ಪತ್ರೆ ಎಲ್ಲವೂ ನಿಜವೇ. ಆದರೆ ನಾನು ಕರೆದದ್ದು ನಿನಗೋಸ್ಕರವಲ್ಲ. ನೀನೂ ಬಂದುಬಿಟ್ಟರೆ ನಾನು ಬಂದದ್ದು ಸರಿ ಅಂತಾಗುತ್ತದೆ, ಅದಕ್ಕೆ. ಬರಬೇಕು ಅನ್ನಿಸಿದರೆ ಖಂಡಿತ ಬಾ, ತಿಂಗಳ ಕೊನೆಯ ತನಕ ಮನೆ ನಿನಗಾಗಿ ಕಾದಿರುತ್ತದೆ. ಇರಬೇಕು ಅನ್ನಿಸಿದರೆ ಇರು. ಈ ಸಲ ನಾನು ಯಾವ ಕಟ್ಟೆಯ ಮೇಲೂ ಕೂರುವುದಿಲ್ಲ.

ಕೈಗೆ ಮುಲಾಮು ಕಳಿಸಿದ್ದೇನೆ, ದಿನಕ್ಕೆರಡು ಸಲ ಹಚ್ಚು. ‘ಆಯ್ತು ಅಕ್ಕ’ ಎಂದು ಡಬ್ಬಿಯನ್ನು ಕಪಾಟಿನಲ್ಲಿಡಬೇಡ. ಅಜ್ಜಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಕ್ಕಳಿಗೆ ಒಳ್ಳೆಯದಾಗಲಿ, ನಿನಗೆ ಕಣ್ತುಂಬ ನಿದ್ದೆ ಬರಲಿ. ಇವತ್ತು ಅದಕ್ಕಿಂತ ದೊಡ್ಡ ಆಶೀರ್ವಾದ ನನಗೆ ತೋಚುತ್ತಿಲ್ಲ.

ನಿನ್ನ,
ನಾಲ್ಕನೇ ಮನೆಯವಳು

ಮತ್ತೆ: ತಮ್ಮ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಚಹಾ ಕೊಟ್ಟು ಕೂರಿಸಿದ್ದೇನೆ. ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ.

ನಾಲ್ಕು ತಿಂಗಳಾದರೂ ನಮ್ಮ ನಾಲ್ಕನೇ ಮನೆಗೆ ಯಾರೂ ಯಾಕೆ ಬಂದಿಲ್ಲ ಎಂದು ನೀನು ಫೋನಿನಲ್ಲಿ ಎರಡು ಸಲ ಕೇಳಿದೆ. ಓನರ್ ಸೋಮಾರಿ ಎಂದೆ. ಬೀಗದ ಕೈ ನನ್ನ ಹತ್ತಿರ ಇದೆ ಕಣೇ. ಹೊರಡುವ ದಿನ ಅದನ್ನು ನಿನ್ನ ಹತ್ತಿರ ಕೊಟ್ಟುಹೋಗಿ, ಮನೆ ನೋಡಲು ಬಂದವರಿಗೆ ನೀನು ತೋರಿಸುತ್ತೀಯ ಎಂದು ಓನರ್ ಹೇಳಿದ್ದರು. ನಾನು ಪರ್ಸಿನಲ್ಲಿ ಹಾಕಿಕೊಂಡು ಲಾರಿ ಹತ್ತಿದೆ. ನಿನಗೆ ಓನರಿಗೆ ಕೊಟ್ಟೆ ಎಂದೆ, ಓನರಿಗೆ ಎಲ್ಲೋ ಸಾಮಾನಿನಲ್ಲಿ ಸೇರಿದೆ, ಹುಡುಕಿ ಕಳಿಸುತ್ತೇನೆ ಎಂದೆ, ನಮ್ಮ ಯಜಮಾನರಿಗೆ ನಿನ್ನ ಹತ್ತಿರ ಇದೆ ಎಂದೆ. ನಮ್ಮ ಅಡ್ವಾನ್ಸ್ ಓನರ್ ಹತ್ತಿರವೇ ಇರುವುದರಿಂದ ಅವರಿಗೂ ಅವಸರವಿಲ್ಲ. ಎರಡೂ ಕಡೆ ಕಾಲಿಡುವ ಆಸೆ ನನ್ನದು. ಆ ಬೀಗದ ಕೈ ಇರುವ ತನಕ ನಾನು ಪೂರ್ತಿ ಬಿಟ್ಟುಬಂದಿಲ್ಲ ಎಂದುಕೊಳ್ಳುತ್ತಿದ್ದೆ. ನಾನು ಹಾಗೆ ಅಂದುಕೊಂಡು ಮಲಗಿದಷ್ಟು ದಿನ ನೀನು ನೆಲದ ಮೇಲೆ ತಟ್ಟೆಯ ಪಕ್ಕ ಮಲಗಿದೆ.

ಮುಲಾಮಿನ ಡಬ್ಬಿಯ ಕೆಳಗೆ ಬೀಗದ ಕೈಯನ್ನು ಕಾಗದದಲ್ಲಿ ಸುತ್ತಿಟ್ಟಿದ್ದೇನೆ, ನೋಡು. ನಾಳೆಯೇ ಓನರಿಗೆ ಹೇಳು. ಯಾರೇ ಬರಲಿ, ಸಾಮಾನು ಇಳಿಸುವ ಮೊದಲು ಅಡುಗೆಮನೆಗೆ ಕರೆದುಕೊಂಡು ಹೋಗಿ ತೋರಿಸು. ಒಲೆಯ ಪಕ್ಕ ಸುಣ್ಣ ಉದುರಿ ಇಟ್ಟಿಗೆ ಕಾಣುವ ಜಾಗವಿದೆ. ಅಲ್ಲಿ ತಟ್ಟಿದರೆ ನಿನಗೆ ಚೆನ್ನಾಗಿ ಕೇಳಿಸುತ್ತದೆ.