ಪಪ್ಪಾಯಿ ಬಣ್ಣ

ಫೆಬ್ರವರಿ 11, ಬುಧವಾರ. ಹೊಸಪೇಟೆ.

ಇವತ್ತೂ ಕಾದ ಉಕ್ಕನ್ನು ಅಚ್ಚಿಗೆ ಒತ್ತುವ ಪ್ರೆಸ್ಸಿನಲ್ಲಿ ಮೂರು ತುಂಡು ಅದೇ ಮೂಲೆಯಲ್ಲಿ ಬಿರಿದವು. ಕಂಪ್ಯೂಟರಿನಲ್ಲಿ ನಾನು ಮಾಡುವ ಸಿಮ್ಯುಲೇಷನ್ನಿನಲ್ಲಿ ಮಾತ್ರ ಒಂದು ಬಿರುಕೂ ಬೀಳುವುದಿಲ್ಲ. ಅಲ್ಲಿ ಉಕ್ಕು ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ತುಂಬಿಕೊಳ್ಳುತ್ತದೆ. ಐದು ತಿಂಗಳಿಂದ ಇದೇ ಹಾಡು.

ಕಾರಣ ಇವತ್ತು ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ಶಾಖ ಅಳೆಯುವ ಮೀಟರು ಕೆಟ್ಟ ದಿನದಿಂದ ಕುಲುಮೆಯ ಸುಂಕಪ್ಪ ಕಾಕಾ ಹೇಳಿದ್ದೇ ನನಗೆ ಅಳತೆ. ಅವರು "ಪಪ್ಪಾಯಿ ಬಣ್ಣ ಬಂತು, ತೆಗೀರಲೇ" ಅಂದಾಗೆಲ್ಲ ನಾನು ಸಾವಿರದ ನೂರು ಡಿಗ್ರಿ ಎಂದು ಬರೆದುಕೊಂಡು ಸಿಮ್ಯುಲೇಷನ್ನಿಗೂ ಅದನ್ನೇ ಕೊಟ್ಟೆ. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತ ಕಣ್ಣು, ತಪ್ಪುತ್ತದೆಯೇ ಅಂದುಕೊಂಡೆ.

ಮಧ್ಯಾಹ್ನ ಬುತ್ತಿ ಉಂಡ ಮೇಲೆ ಅಂಗೈಯಲ್ಲಿ ಎರಡು ಗುಳಿಗೆ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಯವ್ವಾ, ಇದ್ರಾಗ ಕೆಂಪು ಗುಳಿಗಿ ಯಾವ್ದು?"

ನಾನು ಅವರ ಮುಖವನ್ನೇ ನೋಡಿದೆ.

"ಕಣ್ಣಿಗೆ ಪೊರಿ ಬಂದು ಎರಡು ವರ್ಷಾತು. ಬಣ್ಣ ಎಲ್ಲಿ ಕಾಣಬೇಕು. ಮಾರಿಗೆ ಝಳ ಬಡೀತತಲ್ಲ, ಅದ್ರ ಮ್ಯಾಲೆ ಹೇಳ್ತಿದ್ದೆ. ಯಾರ ಮುಂದೂ ಅನಬ್ಯಾಡ, ಗೇಟ್ ಪಾಸ್ ಕಸ್ಕೊಂತಾರ."

ಝಳ. ಬಾಗಿಲು ಎಷ್ಟು ತೆರೆದಿತ್ತು, ಗಾಳಿ ಎತ್ತ ಬೀಸುತ್ತಿತ್ತು, ಅದೆಲ್ಲ ಸೇರಿದ ಝಳ. ಅರ್ಧಂಬರ್ಧ ಕಾದ ಉಕ್ಕನ್ನು ಎಷ್ಟು ಸಲ ಒತ್ತಿಸಿದ್ದೇವೋ. ಐದು ತಿಂಗಳ ಅಂಕಿಗಳಲ್ಲಿ ಒಂದನ್ನೂ ನಂಬುವಂತಿಲ್ಲ.

ನಾಳೆ ಹತ್ತಕ್ಕೆ ಮ್ಯಾನೇಜರಿಗೆ ವರದಿ ಕೊಡಬೇಕು. 'ತಪ್ಪಿಗೆ ಕಾರಣ' ಎಂಬಲ್ಲಿ ಅವರ ಹೆಸರು ಬರೆದರೆ ಅವರು ಹೊರಗೆ, ಬರೆಯದಿದ್ದರೆ ನಾನು. ಬರೆದು ಅಳಿಸಿ, ಬರೆದು ಅಳಿಸಿ ಸಾಕಾಗಿದೆ.

ಈಗ ನೆನಪಾಗುತ್ತಿದೆ, ಕೆಂಪು ಗುಳಿಗೆ ಯಾವುದೆಂದು ನಾನು ಅವರಿಗೆ ಹೇಳಲೇ ಇಲ್ಲ.