ಎಣಿಸಿದ್ದೇನೆ ಅಂತಲೇ ಇದ್ದೆ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕ,

ಚೆನ್ನಾಗಿದ್ದೀಯಾ? ಭಾವನ ಮೊಣಕಾಲು ಹೇಗಿದೆ? ನಿನ್ನ ಎರಡು ಕಾಗದವೂ ಬಂದಿವೆ. ಮೊದಲನೆಯದಕ್ಕೆ ಉತ್ತರ ಬರೆದು ಪೋಸ್ಟ್ ಮಾಡಿದ್ದೇನೆ ಅಂದುಕೊಂಡು ಆರಾಮಾಗಿದ್ದೆ. ಮೊನ್ನೆ ನೋಡಿದರೆ ಅದು ನನ್ನ ಚೀಲದಲ್ಲೇ ಇದೆ, ಅಂಟಿಸಿ, ವಿಳಾಸ ಬರೆದು. ಬೈಯಬೇಡ. ಇದನ್ನು ಪೂರ್ತಿ ಓದಿ ಆಮೇಲೆ ಬೈ.

ನನ್ನನ್ನು ಆಪರೇಷನ್ ಥಿಯೇಟರಿನಿಂದ ಹೊರಗೆ ಹಾಕಿ ಆರು ವಾರ ಆಯಿತು. ಕೆಲಸದಿಂದಲ್ಲ, ಥಿಯೇಟರಿನಿಂದ ಮಾತ್ರ. ನಿನಗೆ ಗೊತ್ತಲ್ಲ, ಹೊಟ್ಟೆ ಹೊಲಿಯುವ ಮುಂಚೆ ಇಬ್ಬರು ನರ್ಸುಗಳು ರಕ್ತ ಒರೆಸುವ ಗಾಜ್ ಬಟ್ಟೆಗಳನ್ನು ಒಂದೊಂದೇ ತೋರಿಸಿ, ಬಾಯಿಬಿಟ್ಟು ಒಟ್ಟಿಗೆ ಎಣಿಸಬೇಕು. ಇಬ್ಬರ ಲೆಕ್ಕವೂ ಸರಿ ಬಂದ ಮೇಲೇ ಸರ್ಜನ್ ಹೊಲಿಗೆ ಹಾಕೋದು. ಅವತ್ತು ನನ್ನ ಜೊತೆ ಇದ್ದವಳು ನನ್ನ ಓರಗೆಯ ನರ್ಸ್, ಮೇಷ್ಟ್ರು. ಎಲ್ಲರಿಗೂ ಪಾಠ ಹೇಳ್ತಾಳೆ ಅಂತ ನಾವೇ ಇಟ್ಟ ಹೆಸರು. ನಾನು "ಇಪ್ಪತ್ತು, ಸರಿ ಇದೆ" ಅಂದೆ. ಅವಳು "ನನಗೆ ಹತ್ತೊಂಬತ್ತೇ ಸಿಕ್ಕಿದ್ದು" ಅಂದಳು. "ಹೋಗಿ ಕಣ್ಣು ತೋರಿಸ್ಕೊಳ್ಳೇ" ಅಂತ ಅವಳಿಗೇ ಜೋರು ಮಾಡಿದೆ. ಸರ್ಜನ್ ಮತ್ತೆ ಹುಡುಕಿದರು. ಇಪ್ಪತ್ತನೆಯದು ಕರುಳಿನ ಹಿಂದೆ ಇತ್ತು. ನಾನು ಎಣಿಸಿಯೇ ಇರಲಿಲ್ಲ ಅಕ್ಕ. ಶುರುವಿನಲ್ಲಿ ಎಣಿಸಿದ ಸಂಖ್ಯೆಯೇ ಬಾಯಿಗೆ ಬಂದಿತ್ತು. ರೋಗಿಗೆ ಏನೂ ಆಗಲಿಲ್ಲ, ವಾರದೊಳಗೆ ನಡೆದುಕೊಂಡು ಮನೆಗೆ ಹೋದ.

ಹೆಡ್ ಸಿಸ್ಟರ್ ಬೈಯಲಿಲ್ಲ. ಬಾಗಿಲು ಹಾಕಿ, "ಡಾಕ್ಟರಿಗೆ ತೋರಿಸಿಕೊಂಡು ಬನ್ನಿ. ಅವರು ಬರೆದುಕೊಡೋವರೆಗೂ ಟೇಬಲ್ ಹತ್ತಿರ ಬೇಡ" ಅಂದರು. ಅಂದಿನಿಂದ ಕತ್ತರಿ, ಚಿಮುಟ ತೊಳೆದು ಜೋಡಿಸುವ ಕೋಣೆಯಲ್ಲಿದ್ದೇನೆ. ಇಪ್ಪತ್ತಾರು ವರ್ಷ ಎಣಿಸಿದವಳಿಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ. ಕೈಗೆ ಬಿಸಿನೀರು ಬಿದ್ದರೂ ಅಷ್ಟೇ, ತಣ್ಣೀರು ಬಿದ್ದರೂ ಅಷ್ಟೇ ಅನ್ನೋ ಹಾಗಿದ್ದೇನೆ.

ಮನೆಯಲ್ಲೂ ಇದೇ ಕಥೆ. ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿತು. ಒಂದು ದಿನ ಮೆಟ್ಟಿಲ ಮಧ್ಯೆ ನಿಂತುಬಿಟ್ಟೆ, ಹತ್ತುತ್ತಾ ಇದ್ದೆನೋ ಇಳಿಯುತ್ತಾ ಇದ್ದೆನೋ ತಿಳಿಯಲಿಲ್ಲ. ಕೈಯಲ್ಲಿ ಕಸದ ಬುಟ್ಟಿ ಇತ್ತು, ಹಾಗಾದರೆ ಇಳಿಯುತ್ತಾ ಇದ್ದೇನೆ ಅಂತ ಹೊರಟೆ. ಬುಟ್ಟಿ ಖಾಲಿ ಇತ್ತು. ನಮ್ಮನೆಯವರಿಗೆ ಹೇಳಿದರೆ, "ನಾನು ಮಾಡಿದ ತಪ್ಪು ಒಂದಾದರೂ ಮರೆತಿದ್ದೀಯಾ? ತಾರೀಖಿನ ಸಮೇತ ಹೇಳ್ತೀಯ. ನಿನಗೇನೂ ಆಗಿಲ್ಲ" ಅಂತ ನಕ್ಕರು. ಆದರೆ ನಾನು ಅಡುಗೆಮನೆಯಿಂದ ಈಚೆ ಬಂದ ತಕ್ಷಣ ಏನೋ ನೆಪ ಮಾಡಿಕೊಂಡು ಒಳಗೆ ಹೋಗಿ ಒಲೆ ಆರಿದೆಯಾ ನೋಡ್ತಾರೆ. ಕಂಡರೂ ಕಾಣದ ಹಾಗೆ ತಟ್ಟೆ ಹಾಕ್ತೀನಿ.

ಹೋದ ವಾರ ಪರೀಕ್ಷೆ ಆಯಿತು. ಡಾಕ್ಟರಮ್ಮ ನನಗಿಂತ ತುಂಬಾ ಚಿಕ್ಕವರು. ಐದು ಪದ ಹೇಳಿ, "ಆಮೇಲೆ ಕೇಳ್ತೀನಿ, ನೆನಪಿಟ್ಟುಕೊಳ್ಳಿ" ಅಂದರು. ಕುರ್ಚಿ, ಹಳದಿ, ಸೇತುವೆ, ನಿಂಬೆ, ಕನ್ನಡಿ. ನೋಡು, ಈಗಲೂ ಬರ್ತಿದೆ. ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಯೋಕೆ ಹೇಳಿದರು. ಮನೆಯಲ್ಲಿ ಇತ್ತೀಚೆಗೆ ಏನಾದರೂ ಆಯಿತಾ ಅಂತ ಕೇಳಿದರು. ಎಂಟು ತಿಂಗಳ ಹಿಂದೆ ಅಮ್ಮ ತೀರಿಕೊಂಡರು, ಅಕ್ಕನ ಮನೆಯಲ್ಲಿ, ಅಂದೆ. ಬರೆದುಕೊಂಡರು. ಆಮೇಲೆ ಸ್ಕ್ಯಾನ್.

ನಿನ್ನೆ ರಿಪೋರ್ಟ್ ಬಂತು. ಏನೂ ಇಲ್ಲವಂತೆ. "ಮುಟ್ಟು ನಿಲ್ಲೋ ಕಾಲ, ನಿದ್ದೆ ಸಾಲದು, ಮನಸ್ಸಿಗೂ ಪೆಟ್ಟು ಬಿದ್ದಿದೆ. ನಿಧಾನಕ್ಕೆ ಸರಿಹೋಗುತ್ತೆ, ಕೆಲಸಕ್ಕೆ ಹೋಗಿ" ಅಂದರು. ನಮ್ಮನೆಯವರು ಕಾರಿಡಾರಿನಲ್ಲೇ ಕಣ್ಣೊರೆಸಿಕೊಂಡರು. ಅಷ್ಟೊಂದು ಹೆದರಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಲಿಫ್ಟಿನ ಗುಂಡಿ ಒತ್ತಿದೆ. ಸೋಮವಾರದಿಂದ ಮತ್ತೆ ಥಿಯೇಟರ್. ಮೇಷ್ಟ್ರು ಫೋನ್ ಮಾಡಿ, "ಬಾ, ಒಂದನೇ ಕ್ಲಾಸಿನಿಂದ ಎಣಿಸೋದು ಕಲಿಸ್ತೀನಿ" ಅಂದಳು.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಗಳು ಪರೀಕ್ಷೆ ಧೈರ್ಯವಾಗಿ ಬರೀಲಿ, ಚಿಕ್ಕಮ್ಮನ ಆಶೀರ್ವಾದ ಇದ್ದೇ ಇದೆ ಅನ್ನು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ
ಐವತ್ತೆರಡು ವರ್ಷದ ಪಾಪಚ್ಚಿ

ತಾ.ಕ. ಸ್ಕ್ಯಾನಿನಲ್ಲಿ ಏನಾದರೂ ಸಿಗಲಿ ಅಂತ ನಾನು ಬೇಡಿಕೊಂಡಿದ್ದೆ ಅಕ್ಕ. "ತೀರಿಕೊಳ್ಳೋ ಮುಂಚೆ ಅಮ್ಮ ನಿನಗೆ ಫೋನ್ ಮಾಡಿದ್ದಳಾ" ಅಂತ ನೀನು ಅವತ್ತೇ ನನ್ನ ಕೇಳಿದೆ. ಇಲ್ಲ ಅಂದೆ. ಮಾಡಿದ್ದಳು. "ಎದೆ ಯಾಕೋ ಭಾರ ಕಣೆ. ಅಕ್ಕ ಹೊರಗೆ ಹೋಗಿದ್ದಾಳೆ, ಅವಳಿಗೆ ಗಾಬರಿ ಮಾಡಬೇಡ. ಏನು ಮಾಡ್ಲಿ ಹೇಳು" ಅಂದಳು. ಆಪರೇಷನ್ ಕೇಸಿಗೆ ಹೊತ್ತಾಗಿತ್ತು. ಮಲಗಿರಮ್ಮ, ಹತ್ತು ನಿಮಿಷದಲ್ಲಿ ನಾನೇ ಫೋನ್ ಮಾಡ್ತೀನಿ ಅಂದೆ. ಮರೆತೆ. ಕೇಸ್ ಮುಗಿಸಿ ಕಾಫಿ ಕುಡಿದೆ, ಯಾರದೋ ಮಾತಿಗೆ ನಕ್ಕೆ ಕೂಡ. ಸಂಜೆ ನಿನ್ನ ಫೋನ್ ಬಂದಾಗಲೇ ನೆನಪಾಗಿದ್ದು. ತಲೆಯಲ್ಲಿ ರೋಗ ಅಂತ ಇದ್ದಿದ್ದರೆ ತಪ್ಪನ್ನು ಅದರ ಮೇಲೆ ಹಾಕಬಹುದಿತ್ತು, ಇಲ್ಲವಂತೆ. ಪ್ರತಿ ಕಾಗದದಲ್ಲೂ ನೀನು, "ಅವತ್ತು ನಾನು ಹೊರಗೆ ಹೋಗಬಾರದಿತ್ತು" ಅಂತ ಬರೀತೀಯ. ಇನ್ನು ಮೇಲೆ ಅದನ್ನು ಬರೀಬೇಡ.