ಸಾವಕಾಶ ಬರ್ರಿ ಅಂದ

ಭೀಮು,

ರಜೆ ಕೇಳಿ ಬರ್ತೀನಿ ಅಂತ ಹೋದವನು ರಾತ್ರಿಯಿಡೀ ಡ್ಯೂಟಿ ಮಾಡಿಕೊಂಡೇ ಬಂದಿದ್ದೀಯ. ಬೈಯಬೇಕೆಂದಿದ್ದೆ. ಮಲಗಿದ್ದನ್ನು ನೋಡಿ ಎಬ್ಬಿಸಲು ಮನಸ್ಸಾಗಲಿಲ್ಲ.

ಮಧ್ಯಾಹ್ನದ ಕಲಬುರಗಿ ವಿಮಾನ ಬೇಡ. ನಾನು ಬೈಯಪ್ಪನಹಳ್ಳಿ ಟರ್ಮಿನಲ್‌ಗೆ ಹೋಗಿ ಸಂಜೆಯ ರೈಲಿಗೆ ಇಬ್ಬರಿಗೂ ಟಿಕೆಟ್ ತೆಗೆಸುತ್ತೇನೆ.

ಈಗಷ್ಟೇ ಆಸ್ಪತ್ರೆಯಿಂದ ಅಣ್ಣ ಫೋನ್ ಮಾಡಿದ್ದ. ನಿನ್ನೆ "ಅಪ್ಪ ನಿಮ್ಮನ್ನೇ ಕೇಳ್ಲಿಕತ್ತಾನ, ರೈಲಿಗೆ ಬಂದ್ರ ತಡ ಆಗ್ತದ, ವಿಮಾನಕ್ಕೇ ಬರ್ರಿ" ಅಂತ ಚೀರಿದವನು ಇವತ್ತು ಮೆತ್ತಗೆ, "ವಿಮಾನ ಬ್ಯಾಡ ಗಂಗಾ, ರೈಲಿಗೇ ಬರ್ರಿ. ಸಾವಕಾಶ ಬರ್ರಿ" ಅಂದ.

"ಅಪ್ಪ ಹ್ಯಾಂಗ ಇದ್ದಾನ?" ಅಂತ ಕೇಳಿದೆ.

"ಉಂಡು ಬರ್ರಿ" ಅಂದ.

ಫೋನಿನಲ್ಲಿ ಅವನ ಹಿಂದೆ ಯಾರೋ ಅವ್ವನನ್ನು ಸಮಾಧಾನ ಮಾಡುತ್ತಿದ್ದುದು ಕೇಳಿಸಿತು. ಇನ್ನೊಂದು ಮಾತು ಕೇಳಲು ನನಗೆ ಧೈರ್ಯ ಬರಲಿಲ್ಲ.

ಅನ್ನ, ಸಾರು ಮುಚ್ಚಿಟ್ಟಿದ್ದೇನೆ. ಬೇಡವೆನಿಸಿದರೂ ಎರಡು ತುತ್ತು ಉಣ್ಣು. ಗ್ಯಾಸ್ ಆಫ್ ಮಾಡು, ಹೋದ ಸಲದ ಹಾಗೆ ಹಾಗೇ ಬಿಟ್ಟು ಬರಬೇಡ. ಕೀಲಿಯನ್ನು ಕೆಳಗಡೆ ಓನರ್ ಮುನಿಶಾಮಮ್ಮನವರ ಕೈಗೆ ಕೊಡು. ಯಾವಾಗ ವಾಪಸ್ ಬರ್ತೀರಿ ಅಂತ ಕೇಳಿದರೆ ಗೊತ್ತಿಲ್ಲ ಅನ್ನು. ನಿನ್ನ ಸೂಪರ್‌ವೈಸರ್‌ಗೂ ಅಷ್ಟೇ ಹೇಳು. ಎರಡು ದಿನದ ಬಟ್ಟೆ ಸಾಲದು, ಜಾಸ್ತಿ ಇಟ್ಟುಕೋ.

ಎದ್ದ ಕೂಡಲೇ ಅಣ್ಣನಿಗೆ ಫೋನ್ ಹಚ್ಚಬೇಡ. ಸೀದಾ ಸ್ಟೇಷನ್ನಿಗೆ ಬಾ, ಗೇಟಿನ ಹತ್ತಿರವೇ ನಿಂತಿರುತ್ತೇನೆ. ಕೇಳುವುದೇನಿದ್ದರೂ ಇಬ್ಬರೂ ಕೂಡಿ ಕೇಳೋಣ. ನೀನೊಬ್ಬನೇ ಈ ರೂಮಿನಲ್ಲಿ ನಿಂತು ಕೇಳುವುದು ಬೇಡ.

ನಿನ್ನ ಅಕ್ಕ,
ಗಂಗಾ